ಸಾಹೇಬರ ವಿರೋಧ

(2020ರ ಅಕ್ಟೋಬರ್. ಯಲಹಂಕ ನ್ಯೂಟೌನಿನ ದರ್ಶಿನಿ. ಗದ್ದದ ಮೇಲೆ ಮಾಸ್ಕ್ ಧರಿಸಿದ ಪಾಲಿಕೆ ಸಾಹೇಬರು, ಎದುರಿಗೆ ಆರ್.ಟಿ. ನಗರದ ಪುಟ್ಟ ಸೇವಾಸಂಸ್ಥೆಯ ಲೆಕ್ಕಿಗ. ಬೈಟು ಕಾಫಿ. ಸಾಹೇಬರ ಬೈಟುವಿನಲ್ಲಿ ಎರಡು ಪಾಲೂ ಅವರದ್ದೇ.)

ಲೆಕ್ಕಿಗ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅದೇ ಎಫ್‌ಸಿಆರ್‌ಎ, ಅದರ ತಿದ್ದುಪಡಿ ನೋಡಿದ್ರಾ ಸಾರ್? ವಿದೇಶಿ ದೇಣಿಗೇಲಿ ಆಡಳಿತ ಖರ್ಚು ನೂರಕ್ಕೆ 50 ಇದ್ದದ್ದು 20ಕ್ಕಿಳೀತು.

ಸಾಹೇಬರು: ಒಳ್ಳೇದೇ ಆಯ್ತಲ್ರೀ.

ಲೆಕ್ಕಿಗ: ದೇಣಿಗೆ ಬರೋ ಖಾತೆ ದೆಹಲಿ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕಲ್ಲೇ ತೆರೀಬೇಕಂತೆ.

ಸಾಹೇಬರು: ದೇಶ ಮೊದಲು, ನಿಮ್ಮ ಅನುಕೂಲ ಆಮೇಲೆ.

ಲೆಕ್ಕಿಗ: ಬಂದ ಹಣ ಹಳ್ಳಿ ಸಂಸ್ಥೆಗಳಿಗೆ ದಾಟಿಸೋ ಹಾಗೂ ಇಲ್ಲ.

ಸಾಹೇಬರು: ಕೈ ಬದಲಾದಷ್ಟೂ ದುಡ್ಡು ಸವೆಯುತ್ತೆ. ಅನುಭವದ ಮಾತು.

ಲೆಕ್ಕಿಗ: ಸರ್ಕಾರಿ ನೌಕರರಿಗೆ ಮೊದಲೇ ನಿಷೇಧ ಇತ್ತು. ಈಗ ಮೂರನೇ ಸೆಕ್ಷನ್ನಿಗೆ ಸಾರ್ವಜನಿಕ ಸೇವಕರನ್ನೆಲ್ಲ ಸೇರಿಸಿದ್ದಾರೆ. ನೀವೂ ವಿದೇಶಿ ದೇಣಿಗೆ ಮುಟ್ಟೋ ಹಾಗಿಲ್ಲ.

(ಲೋಟ ಮೇಜಿಗೆ ಕುಟ್ಟಿತು.)

ಸಾಹೇಬರು: ಅನ್ಯಾಯ! ಸೆಪ್ಟೆಂಬರ್ 21ಕ್ಕೆ ಲೋಕಸಭೇಲಿ ಪಾಸು, 23ಕ್ಕೆ ರಾಜ್ಯಸಭೇಲಿ ಪಾಸು! ಇಷ್ಟು ಅವಸರವೇ? ಒಂದು ಖಾತಾ ಬದಲಾವಣೆಗೇ ನಾನು ಮೂರು ವರ್ಷ ಯೋಚಿಸ್ತೀನಿ!

ಲೆಕ್ಕಿಗ: ನಿಮಗೆ ವಿದೇಶದಿಂದ ಯಾರು ಕೊಡ್ತಾರೆ ಸಾರ್?

ಸಾಹೇಬರು: ಯಾರೂ ಇಲ್ಲ. ಆದ್ರೂ ದಾರಿ ಮುಚ್ಚಬಾರದು, ಅದು ತತ್ವ.

ಲೆಕ್ಕಿಗ: ಸ್ವದೇಶಿ ದೇಣಿಗೆಗೆ ಈ ಕಾಯ್ದೆ ಅಡ್ಡ ಬರೋಲ್ಲ ಬಿಡಿ.

ಸಾಹೇಬರು: ಹೌದಾ? (ಮಾಸ್ಕ್ ಮೂಗಿಗೇರಿಸುತ್ತ) ಹಾಗಾದ್ರೆ ಕಾಫಿ ದುಡ್ಡು ನೀವೇ ಕೊಟ್ಬಿಡಿ.