ಮೌಂಟೇಶ್ವರ

ನಮ್ಮ ಭಾವನ ಮನೆಗೆ ಹೋಗುವವರು ಜೇಬಿನಲ್ಲಿ ಹಾಡು ಹೇಳುವ ಯಾವ ಸಾಮಾನನ್ನೂ ಇಟ್ಟುಕೊಂಡಿರಬಾರದು. ಇಟ್ಟುಕೊಂಡಿದ್ದರೂ ಇಯರ್‌ಫೋನಿನ ತಂತಿ ಹೊರಗೆ ಕಾಣಬಾರದು. ಕಂಡಿತೋ, ಕಾಫಿ ಬರುವ ಮೊದಲೇ "ಇಲ್ಲಿ ಕೊಡು, ಒಂದ್ನಿಮಿಷ" ಎಂದು ಕೈ ಚಾಚುತ್ತಾರೆ. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಅಕ್ಕ ರಾತ್ರಿಯ ಊಟಕ್ಕೆ ಒಂದು ಪಾವು ಅಕ್ಕಿ ಹೆಚ್ಚಿಗೆ ತೊಳೆದಿರುತ್ತಾಳೆ.

ಈ ಜಾತಿಯ ಜನ ಈಗ ಕಡಿಮೆ. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಒಂದೊಂದು ಬಡಾವಣೆಗೂ ಒಬ್ಬರಾದರೂ ಇದ್ದರು. ಗುರುತು ಹಿಡಿಯುವುದು ಸುಲಭ. ಪಿಸಿ ಕ್ವೆಸ್ಟ್ ಪತ್ರಿಕೆ ಕೊಳ್ಳುತ್ತಿದ್ದರು, ಓದುವುದಕ್ಕಲ್ಲ, ಜೊತೆಗೆ ಬರುವ ಲಿನಕ್ಸ್ ಸೀಡಿಗಾಗಿ. 2001ರಲ್ಲಿ ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಲಿನಕ್ಸ್ ಸಮ್ಮೇಳನದ ಟೀಶರ್ಟು ಮೈಮೇಲೆ. ನೆಂಟರ ಮನೆಯ ಸೀಮಂತಕ್ಕೂ ಅದೇ. ಕಂಪ್ಯೂಟರ್ ಯಾವುದೋ ಆಫೀಸು ಗುಜರಿಗೆ ಹಾಕಿದ್ದು. ವಿಂಡೋಸ್ ಎಂಬ ಹೆಸರನ್ನು ಭಾವ ಬಾಯಲ್ಲಿ ಆಡುವುದಿಲ್ಲ. 'ನಿಮ್ಮದು' ಎನ್ನುತ್ತಾರೆ. "ನಿಮ್ಮದರಲ್ಲಿ ವೈರಸ್ ಬರ್ತದೆ ಮಾರಾಯ." ನಾನೇನು ಅದನ್ನು ಬರೆದವನಲ್ಲ, ಬ್ಯಾಂಕಿನಲ್ಲಿ ಮುಂದೆ ತಂದಿಟ್ಟಿದ್ದಾರೆ, ಒತ್ತುತ್ತೇನೆ. ಷರತ್ತುಗಳನ್ನು ಓದದೆ 'ಒಪ್ಪಿದ್ದೇನೆ' ಅನ್ನುವುದೊಂದೇ ಕಂಪ್ಯೂಟರಿನಲ್ಲಿ ನನ್ನ ಪಾಂಡಿತ್ಯ. ಆದರೂ ಆ 'ನಿಮ್ಮದು' ಕಿವಿಗೆ ಬಿದ್ದಾಗ ಬಿಲ್ ಗೇಟ್ಸನ ಪರವಾಗಿ ನಾನೇ ತಲೆ ತಗ್ಗಿಸಬೇಕೇನೋ ಅನ್ನಿಸುತ್ತದೆ.

ಹಾಡಿನ ಪ್ಲೇಯರನ್ನು ಸಿಕ್ಕಿಸಿದ ಕೂಡಲೇ ಕಾಣಿಸಿಕೊಳ್ಳುವುದು ನಮ್ಮದರಲ್ಲಿ. ಭಾವನದರಲ್ಲಿ ಹಾಗಲ್ಲ. ಪ್ಲೇಯರು ಯಾವ ಹೆಸರಿನಲ್ಲಿ ಬಂದು ಕೂತಿದೆ, ಎಸ್‌ಡಿಎಯೋ ಎಸ್‌ಡಿಬಿಯೋ ಎಂದು ಮೊದಲು ಕರ್ನಲ್ ಬರೆದಿಟ್ಟ ಲಾಗಿನಲ್ಲಿ ಹುಡುಕಬೇಕು. ಆಮೇಲೆ ಅದಕ್ಕೊಂದು ಖಾಲಿ ಫೋಲ್ಡರ್ ಮಾಡಿ, ರೂಟ್ ಪಾಸ್‌ವರ್ಡ್ ಕೊಟ್ಟು, ಕರಿ ಪರದೆಯ ಮೇಲೆ 'ಮೌಂಟ್' ಎಂದು ಅಪ್ಪಣೆ ಮಾಡಬೇಕು. ಅಕ್ಕ ಗಂಡನಿಗೆ ಮೌಂಟೇಶ್ವರ ಎಂದು ಹೆಸರಿಟ್ಟದ್ದು ಆ ಕಾಲದಲ್ಲೇ. ಈಗಿನ ಲಿನಕ್ಸ್‌ನಲ್ಲಿ ಇದೆಲ್ಲ ತಾನಾಗಿ ಆಗುತ್ತದೆ. ಭಾವನ ಕಂಪ್ಯೂಟರಿನಲ್ಲೂ ಆಗುತ್ತಿತ್ತು. ಅವರು ಅದನ್ನು ಆಫ್ ಮಾಡಿ ಇಟ್ಟಿದ್ದಾರೆ.

ಊಟಕ್ಕೆ ಕೂತಾಗ ಯಾರಾದರೂ ಐಪಾಡ್ ಎಂದು ಬಾಯಿ ಬಿಟ್ಟರೆ ಮುಗಿಯಿತು, ಪುರಾಣ ಶುರು. 2001ರ ಅಕ್ಟೋಬರಿನಲ್ಲಿ 5 ಜೀಬಿ ಹೊಟ್ಟೆಯೊಡನೆ ಹುಟ್ಟಿದಾಗ ಅದು ಮ್ಯಾಕ್‌ಗೆ ಮಾತ್ರ ಒಲಿಯುತ್ತಿತ್ತು. ಮರುವರ್ಷ ವಿಂಡೋಸ್‌ಗೂ ಒಲಿಯಿತು. ಲಿನಕ್ಸ್‌ನ ಕಡೆ ತಿರುಗಿಯೂ ನೋಡಲಿಲ್ಲ. ಹಾಡಿನ ಫೈಲುಗಳನ್ನು ಅದರೊಳಗೆ ಬರಿದೇ ಸುರಿದರೆ ನುಡಿಸುವುದಿಲ್ಲ. ಐಟ್ಯೂನ್ಸ್‌ಡಿಬಿ ಎಂಬ ಪಟ್ಟಿಯಲ್ಲಿ ಹೆಸರು ದಾಖಲಾಗಿರಬೇಕು. ಆ ಪಟ್ಟಿಯ ಗುಟ್ಟನ್ನು ಹೊರಗಿನವರು ಬೈಟು ಬೈಟಾಗಿ ಬಿಡಿಸಿ, ಜಿಟಿಕೆಪಾಡ್ ಎಂಬ ತಂತ್ರಾಂಶ ಬರೆದರು. 2007ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಮಾದರಿಗಳಲ್ಲಿ ಕಂಪನಿ ಆ ಪಟ್ಟಿಗೊಂದು ಹ್ಯಾಶ್ ಮುದ್ರೆ ಒತ್ತಿತು, ಆಯಾ ಪ್ಲೇಯರಿನ ಗುರುತಿನ ಸಂಖ್ಯೆಯನ್ನೇ ಬೆರೆಸಿ. ಮುದ್ರೆ ತಾಳೆಯಾಗದಿದ್ದರೆ ಸಾವಿರ ಹಾಡು ತುಂಬಿದ್ದರೂ ಲೆಕ್ಕ ಸೊನ್ನೆ. ಇಲ್ಲಿಗೆ ಬಂದಾಗ ಭಾವ ಅನ್ನ ಕಲಸುವುದನ್ನು ನಿಲ್ಲಿಸಿ ಎಲ್ಲರ ಮುಖ ನೋಡುತ್ತಾರೆ. "ಕೆಲವೇ ದಿನದಲ್ಲಿ ಒಡೆದ್ವಿ!"

ಆ ಒಡೆಯುವಿಕೆಯಲ್ಲಿ ಭಾವನ ಪಾಲು, ರಾತ್ರಿ ನಿದ್ದೆಗೆಟ್ಟು ಕೂತು ಅದರ ಸುದ್ದಿ ಓದಿದ್ದಷ್ಟೇ. ಅದಕ್ಕಿಂತ ಸೋಜಿಗವೆಂದರೆ ಭಾವನ ಹತ್ತಿರ ಐಪಾಡ್ ಇರಲೇ ಇಲ್ಲ. "ಸಾರು ಆರ್ತಾ ಇದೆ" ಎನ್ನುತ್ತಾಳೆ ಅಕ್ಕ. ಪ್ರತಿ ಸಲವೂ ಸರಿಯಾಗಿ ಆ ಹ್ಯಾಶ್ ಮುದ್ರೆಯ ಹತ್ತಿರವೇ.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಕೀಚಕನ ಪ್ರಕರಣವನ್ನು ಹೇಳದೆ ಬಿಟ್ಟರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ.

ನನ್ನ ಅಪ್ಪ ಕುಂದಾಪುರದ ಕಡೆಯವರು, ಯಕ್ಷಗಾನದ ಹುಚ್ಚು. ದೇವಸ್ಥಾನದ ಗದ್ದೆಯಲ್ಲಿ ಆಟವಾದಾಗ ಟೂ-ಇನ್-ಒನ್ ಹೊತ್ತುಕೊಂಡು ಹೋಗಿ, ರಂಗಸ್ಥಳದ ಹತ್ತಿರ ಜಾಗ ಹಿಡಿದು ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳು ಅವರ ಆಸ್ತಿ. ಅದರಲ್ಲಿ ಅಚ್ಚುಮೆಚ್ಚಿನದು ಕೀಚಕ ವಧೆ. ಕಣ್ಣು ತೋರಿಸಲು ಬೆಂಗಳೂರಿಗೆ ಬಂದವರು ಆ ಕ್ಯಾಸೆಟ್ಟುಗಳನ್ನೂ ತಂದಿದ್ದರು. ಟೇಪು ಸುಕ್ಕಾಗುತ್ತಿದೆ, ಏನಾದರೂ ಮಾಡಿ ಎಂದರು. ಎಸ್.ಪಿ. ರೋಡಿನಲ್ಲಿ ನಾನು ಹೆಸರು-ದೆಸೆ ಇಲ್ಲದ ಒಂದು ಪುಟ್ಟ ಪ್ಲೇಯರು ತಂದೆ. ಜೊತೆಗೆ ಅಂಗೈಯಗಲದ ಸೀಡಿ ಇತ್ತು. "ಇದು ವಿಂಡೋಸ್ 98ಕ್ಕೆ ಡ್ರೈವರು. ನಮಗೆ ಇಂಥದ್ದೆಲ್ಲ ಬೇಕಾಗಿಲ್ಲ" ಎಂದು ಭಾವ ಆ ಸೀಡಿಯನ್ನು ಬಲು ತೃಪ್ತಿಯಿಂದ ಪಕ್ಕಕ್ಕಿಟ್ಟರು. ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ.

ನಾಲ್ಕು ಕ್ಯಾಸೆಟ್ಟು, ಎಂಟು ಬದಿ. ಭಾವ ಒಂದೊಂದನ್ನೂ ಪೂರ್ತಿ ಓಡಿಸಿ, ಆಡಾಸಿಟಿಯಲ್ಲಿ ಹಿಡಿದು, ಗುಯ್‌ಗುಟ್ಟುವ ಸದ್ದನ್ನು ಸೋಸಿ, ಭಾಗ 1ರಿಂದ ಭಾಗ 8ರವರೆಗೆ ಹೆಸರಿಟ್ಟರು. ಇದನ್ನು ನಾನು ಒಪ್ಪಲೇಬೇಕು: ಮಾವನಿಗಾಗಿ ಅಳಿಯ ಇಷ್ಟು ಕೂತು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಮಗನಂತೂ ಮಾಡಲಿಲ್ಲ. ಫೈಲುಗಳು ಮೊದಲು ಆಗ್ ವೋರ್ಬಿಸ್‌ನಲ್ಲಿದ್ದವು, ಎಂಪಿ3 ಪೇಟೆಂಟಿನ ಸ್ವತ್ತು ಎಂಬ ಕಾರಣಕ್ಕೆ. ಕೀಚಕನಿಗೂ ಪೇಟೆಂಟಿಗೂ ಏನು ಸಂಬಂಧ ಎಂದು ಅಪ್ಪ ಕೇಳಿದರು. ಪ್ಲೇಯರಿಗೂ ಅದೇ ಅನುಮಾನ ಬಂದಿರಬೇಕು, ಅದು ಆಗ್ ನುಡಿಸಲಿಲ್ಲ. ಎಲ್ಲವನ್ನೂ ಮತ್ತೆ ಎಂಪಿ3 ಮಾಡಿದ್ದಾಯಿತು. (ಆ ಪೇಟೆಂಟುಗಳ ಕಾಲ 2017ರಲ್ಲಿ ಮುಗಿಯಿತು. ಆ ದಿನ ಭಾವ ನಮಗೆಲ್ಲ ಫೋನ್ ಮಾಡಿ ತಿಳಿಸಿದರು. ಯಾರಿಗೋ ಏನೋ ಆಯಿತೆಂದು ನನ್ನ ಹೆಂಡತಿ ಗಾಬರಿಬಿದ್ದಳು.)

ಅಪ್ಪ ಊರಿಗೆ ಹೊರಟ ರಾತ್ರಿ. ಆಟೋ ಬಾಗಿಲಲ್ಲಿ ನಿಂತು ಮೀಟರ್ ಓಡಿಸುತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಕುಂದಾಪುರದ ಬಸ್ಸು ಯಾರಿಗೂ ಕಾಯುವುದಿಲ್ಲ. ಪರದೆಯ ಮೇಲೆ ಕಾಪಿ ಮುಗಿದಿದೆ. ನಾನು ಪ್ಲೇಯರಿಗೆ ಕೈ ಹಾಕಿದೆ.

"ಎಳೀಬೇಡ!"

ಬಾಣಂತಿ ಕೋಣೆಯ ಬಾಗಿಲಲ್ಲಿ ಗಂಡಸರನ್ನು ತಡೆಯುವ ಸೂಲಗಿತ್ತಿಯ ಹಾಗೆ ಭಾವ ಕೈ ಅಡ್ಡ ಚಾಚಿ ನಿಂತಿದ್ದರು. "ಮುಗೀತು ಅಂತ ತೋರಿಸ್ತದೆ, ಮುಗಿದಿರೂದಿಲ್ಲ. ಇನ್ನೂ ಮೆಮೊರಿಯಲ್ಲೇ ಉಂಟು. ಸಿಂಕ್ ಆಗ್ಬೇಕು, ಅನ್‌ಮೌಂಟ್ ಆಗ್ಬೇಕು. ಒಂದ್ನಿಮಿಷ." ಅಪ್ಪ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತರು. ಆಟೋದವನು ಇಳಿದು ಬಂದು ತಾನೂ ಇಣುಕಿದ. ಕೊನೆಗೆ ಬಸ್ಸು ಹತ್ತಿಸುವಾಗ ಕಂಡಕ್ಟರು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಬೆಳಿಗ್ಗೆ ಊರಿನಿಂದ ಫೋನು. "ಅಳಿಯಂದಿರೇ, ನೆಲಮಂಗಲ ದಾಟುವುದರೊಳಗೇ ಕೀಚಕ ಸತ್ತ. ಹಾಸನದ ಹತ್ತಿರ ಎದ್ದು ಬಂದು ಸೈರಂಧ್ರಿಯ ಮೇಲೆ ಕಣ್ಣು ಹಾಕಿದ. ಸತ್ತ ಮೇಲಾದರೂ ಬುದ್ಧಿ ಬರಬೇಡವಾ ಅವನಿಗೆ?"

ಬೇರೆ ಯಾರೇ ಆಗಿದ್ದರೂ ನಾಚಿ ಕ್ಷಮೆ ಕೇಳುತ್ತಿದ್ದರು. ಭಾವನ ಮುಖ ಅರಳಿತು. "ಮಾವ, ಆ ಪ್ಲೇಯರು ಹೆಸರಿನ ಕ್ರಮ ನೋಡೂದಿಲ್ಲ. ಫೈಲು ಯಾವುದು ಮೊದಲು ಒಳಗೆ ಬಂತೋ ಅದನ್ನೇ ಮೊದಲು ನುಡಿಸ್ತದೆ. ನನ್ನ ಡಿಸ್ಕು ಫೋಲ್ಡರಿನಲ್ಲಿದ್ದದ್ದನ್ನು ಕೊಡುವಾಗ ತನ್ನದೇ ಹ್ಯಾಶ್ ಕ್ರಮದಲ್ಲಿ ಕೊಟ್ಟಿದೆ. ಎಂಟನೇದು ಮೊದಲು ಹೋಗಿದೆ!" ಅಪ್ಪ ಬಹಳ ಹೊತ್ತು ಆ ಕಡೆ ಸುಮ್ಮನಿದ್ದರು. ಆಮೇಲೆ "ಮಳೆ ಹೇಗುಂಟು ಅಲ್ಲಿ?" ಎಂದರು.

ಇದಕ್ಕೆ ಫ್ಯಾಟ್‌ಸಾರ್ಟ್ ಎಂಬ ಮದ್ದಿದೆಯಂತೆ. ಮುಂದಿನ ರಜೆಯಲ್ಲಿ ಭಾವ ಲ್ಯಾಪ್‌ಟಾಪ್ ಹೊತ್ತು ಕುಂದಾಪುರಕ್ಕೇ ಹೋದರು. ಅಳಿಯ ಹಬ್ಬಕ್ಕೆ ಬಂದನೆಂದು ಅಮ್ಮ ಕೊಟ್ಟೆಕಡುಬು ಮಾಡಿದಳು. ಕೆಲಸ ಕ್ಷಣದಲ್ಲಿ ಮುಗಿಯಿತು. "ಈಗ ಸರಿಯಾಯ್ತು ಮಾವ, ವಧೆ ಕೊನೆಗೇ ಬರ್ತದೆ." ಅಪ್ಪ ಸಂಕೋಚದಿಂದ ಹೇಳಿದರು: "ಮೊದಲಿನ ಹಾಗೇ ಇರಲಿ ಅಳಿಯಂದಿರೇ. ರಾತ್ರಿ ಉಂಡು ಮಲಗಿ ಹಾಕ್ಕೊಂಡರೆ ನಿದ್ದೆ ಬರುವುದರೊಳಗೆ ವಧೆ ಸಿಗ್ತಿತ್ತು. ಇನ್ನು ಮೇಲೆ ಅಲ್ಲಿವರೆಗೆ ಎಚ್ಚರ ಇರಲಿಕ್ಕೆ ನನ್ನ ಕೈಯಲ್ಲಿ ಆಗೂದಿಲ್ಲ." ಭಾವ ತುಸು ಹೊತ್ತು ಪೆಚ್ಚಾಗಿ ಕೂತಿದ್ದು, ಎಲ್ಲವನ್ನೂ ಅಳಿಸಿ, ಎಂಟನೆಯದು ಮೊದಲು ಬರುವಂತೆ ಕೈಯಾರೆ ಒಂದೊಂದೇ ಕಾಪಿ ಮಾಡಿಕೊಟ್ಟರು.

ಅಕ್ಕನ ಕಷ್ಟಗಳು ಬೇರೆ ಬಗೆಯವು. ಅವಳು ಸರ್ಕಾರಿ ಶಾಲೆಯ ಟೀಚರು, ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಕನ್ನಡ ಟೈಪು ಮಾಡುವ ನುಡಿ ತಂತ್ರಾಂಶ ಒಂದೇ. ಶಾಲೆಯ ಕಂಪ್ಯೂಟರಿನಲ್ಲಿ ಭಾವಗೀತೆಗಳಿಗೆಲ್ಲ ನುಡಿಯಲ್ಲಿ ಹೆಸರು ಕೊಟ್ಟು ತಂದಳು. ಪ್ಲೇಯರಿನಲ್ಲಿ ನೋಡಿದರೆ 'ಕ' ಇದ್ದಲ್ಲಿ ಇಂಗ್ಲಿಷಿನ ಪಿ, 'ನ' ಇದ್ದಲ್ಲೆಲ್ಲ ಬ್ರಿಟಿಷರ ಪೌಂಡು ಚಿಹ್ನೆ. ಸಿ. ಅಶ್ವತ್ಥ್ ಅವರ ಹಾಡುಗಳು ಲಂಡನ್ನಿನ ದಿನಸಿ ಅಂಗಡಿಯ ಬಿಲ್ಲಿನಂತೆ ಮೆರೆಯುತ್ತಿದ್ದವು. ಭಾವ ಹಲವು ರಾತ್ರಿ ಕೂತು, ನುಡಿಯಿಂದ ಯೂನಿಕೋಡಿಗೆ ತಿರುಗಿಸುವ ಸ್ಕ್ರಿಪ್ಟು ಬರೆದರು. ಪೌಂಡು ಹೋಗಿ ಖಾಲಿ ಚೌಕಗಳು ಬಂದವು. ಕಡೆಗೆ ಎಲ್ಲ ಹಾಡಿಗೂ ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಟ್ಟದ್ದು. ಇನ್ನೊಮ್ಮೆ ಅವಳ ಪ್ಲೇಯರಿನ ಮೂಲ ತಂತ್ರಾಂಶವನ್ನೇ ತೆಗೆದು ರಾಕ್‌ಬಾಕ್ಸ್ ಹಾಕಿದರು. ಅದು ಸ್ವೀಡನ್ನಿನ ಮೂವರು 2001ರಲ್ಲಿ ಶುರುಮಾಡಿದ್ದು. ಕರ್ಲ್ ಎಂಬ ತಂತ್ರಾಂಶ ಬರೆದ ಡೇನಿಯಲ್ ಸ್ಟೆನ್‌ಬರ್ಗ್ ಅವರಲ್ಲಿ ಒಬ್ಬರು ಎಂದು ಭಾವ ನಮ್ಮ ಮನೆಯ ಕೆಲಸದವಳಿಗೂ ಹೇಳಿದ್ದಾರೆ. ಮಾರನೆಯ ಬೆಳಿಗ್ಗೆ ಅಕ್ಕ ಸುಪ್ರಭಾತ ಹುಡುಕುತ್ತಾ ಗುಂಡಿ ಒತ್ತಿದರೆ ಡೂಮ್ ಎಂಬ ಗುಂಡು ಹಾರಿಸುವ ಆಟ ತೆರೆದುಕೊಂಡಿತು. ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಬ್ರಾಹ್ಮೀ ಮುಹೂರ್ತದಲ್ಲಿ.

ಇಷ್ಟೆಲ್ಲ ಮಾಡುವ ಮನುಷ್ಯ ಸಂಗೀತಪ್ರೇಮಿ ಎಂದು ನೀವು ತಿಳಿದಿರಬಹುದು. ನಾನೂ ವರ್ಷಗಟ್ಟಲೆ ಹಾಗೇ ತಿಳಿದಿದ್ದೆ. ಭಾವ ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದನ್ನು ಕಂಡವರಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಗಂಟೆಗಟ್ಟಲೆ ಗಾಯನ ಅವರಲ್ಲಿದೆ, ಎಲ್ಲವೂ ಫ್ಲ್ಯಾಕ್‌ನಲ್ಲಿ, ಒಂದು ಬಿಂದುವೂ ಸೋರದಂತೆ. ಕಿವಿಗೆ ಇಟ್ಟುಕೊಳ್ಳುತ್ತಾರೆ, ತಂಬೂರಿ ಕೇಳಿಸುತ್ತದೆ, ಮನ್ಸೂರರು ಷಡ್ಜ ಹಿಡಿಯುವುದರೊಳಗೆ "ಬಂತು!" ಎಂದು ನಿಲ್ಲಿಸುತ್ತಾರೆ. ಬಂತು ಎಂಬುದೇ ಅವರಿಗೆ ರಾಗ. ಬಾರದಂತೆ ಯಾರೋ ಬೀಗ ಹಾಕಿದ್ದರು, ಬಂತು. ಅಲ್ಲಿಗೆ ಕಛೇರಿ ಮುಗಿಯಿತು.

ಈಗ ಆ ಪ್ಲೇಯರುಗಳೆಲ್ಲ ಅಕ್ಕನ ಹಳೆಯ ಹೊಲಿಗೆ ಪೆಟ್ಟಿಗೆಯಲ್ಲಿವೆ. ಐಪಾಡನ್ನೂ 2022ರ ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ವೈರಿ ಸತ್ತ ಸುದ್ದಿಗೆ ಭಾವ ಖುಷಿಪಡಬಹುದೆಂದುಕೊಂಡಿದ್ದೆ, ಎರಡು ದಿನ ಮಂಕಾಗಿದ್ದರಂತೆ. ನಾನು ತಿಂಗಳ ಬಾಡಿಗೆ ಕಟ್ಟಿ ಫೋನಿನಲ್ಲಿ ಹಾಡು ಕೇಳುತ್ತೇನೆ. ಮೊನ್ನೆ ಮೆಚ್ಚಿನ ಪಟ್ಟಿಯಲ್ಲಿದ್ದ ಕೆಲವು ಹಾಡುಗಳ ಬಣ್ಣ ಮಾಸಿ ಬೂದಿಯಾಗಿತ್ತು, ಒತ್ತಿದರೆ ಸದ್ದಿಲ್ಲ. ಕಂಪನಿಗಳ ನಡುವಿನ ಯಾವುದೋ ಕರಾರು ಮುಗಿದಿತ್ತಂತೆ. ಯಾರನ್ನು ಕೇಳುವುದು? ಷರತ್ತು ಒಪ್ಪಿದವನು ನಾನೇ.

ಅಪ್ಪ ತೀರಿಕೊಂಡ ಮೇಲೆ ಕ್ಯಾಸೆಟ್ಟುಗಳು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋದವು. ಆ ರಾತ್ರಿಯ ಭಾಗವತರ ದನಿ, ಚೆಂಡೆ, ನಡುವೆ ಎಲ್ಲೋ ಅಪ್ಪನೇ ಪಕ್ಕದವರಿಗೆ "ಸ್ವಲ್ಪ ಸರಿದು ಕೂತ್ಕೊಳ್ಳಿ" ಎಂದದ್ದು, ಇವೆಲ್ಲ ಇನ್ನು ಇರುವುದು ಭಾವನ ಡಿಸ್ಕಿನಲ್ಲಿ ಮಾತ್ರ. ಮೂರು ಪ್ರತಿ ಇವೆ, ಒಂದು ಬೇರೆ ಊರಿನಲ್ಲಿ. ಕಳೆದ ವಾರ ಫೋನ್ ಮಾಡಿ, ಕೀಚಕ ವಧೆ ನನಗೂ ಒಂದು ಬೇಕಿತ್ತು ಭಾವ, ವಾಟ್ಸಾಪಿನಲ್ಲಿ ಕಳಿಸಿಬಿಡಿ ಎಂದೆ.

"ವಾಟ್ಸಾಪಾ?" ಎಂದರು ಭಾವ. ಆ ಕಡೆ ಕುರ್ಚಿ ಎಳೆದ ಸದ್ದು. "ಅದೆಲ್ಲ ಬೇಡ ಮಾರಾಯ. ಭಾನುವಾರ ನಾನೇ ಬರ್ತೇನೆ. ಕೇಬಲ್ ತರ್ತೇನೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಜಾಗ ಖಾಲಿ ಉಂಟು? ಪಾರ್ಟಿಷನ್ ಮಾಡ್ಲಿಕ್ಕೆ ಆಗ್ತದಾ?"

ಹತ್ತು ನಿಮಿಷ ಬಿಟ್ಟು ಅಕ್ಕನ ಫೋನು. ಲ್ಯಾಪ್‌ಟಾಪನ್ನು ಊಟಕ್ಕೆ ಮೊದಲು ಅವರ ಕೈಗೆ ಕೊಡಬೇಡ ಎಂದಳು.