ಕಡಲಿಲ್ಲದ ಊರಿನ ಪಾಲ್ಮಾ

ಸರ್ಬಿಯಾದ ಯಾಗೊದಿನಾ ಅನ್ನೋ ಊರಿನ ಮೇಯರಾಗಿದ್ದ ಪಾಲ್ಮಾ ಸುದ್ದಿ ಬಂದರೆ ಸಾಕು, ಎಲ್ಲರೂ ಮೃಗಾಲಯದಿಂದಲೇ ಶುರು ಮಾಡ್ತಾರೆ. ಯಾಗೊದಿನಾದಂಥ ಊರಿಗೆ ಮೃಗಾಲಯ ಯಾಕಪ್ಪಾ ಅಂತ ಯಾರಿಗಾದರೂ ಅನ್ನಿಸುತ್ತೆ ಬಿಡಿ. ಬೆಲ್‌ಗ್ರೇಡ್‌ನಿಂದ ನಿಶ್ ಕಡೆಗೆ ಹೋಗೋ ಹೆದ್ದಾರಿಯ ಮಗ್ಗುಲಿನ ಊರು ಅದು. ಸುತ್ತ ಮೊರಾವಾ ನದಿಯ ಬಯಲು, ಹೊಲಗದ್ದೆ, ಯುಗೊಸ್ಲಾವಿಯಾ ಕಾಲದಲ್ಲಿ ಹೆಸರು ಮಾಡಿದ್ದ ಒಂದು ಕೇಬಲ್ ಕಾರ್ಖಾನೆ. ಅಂಥ ಊರಲ್ಲಿ 2006ರಲ್ಲಿ ಮೃಗಾಲಯ ಬಂತು, ಮರುವರ್ಷ ನೀರಾಟದ ಪಾರ್ಕು ಬಂತು, ಅದರ ಮರುವರ್ಷ ಮೇಣದ ಬೊಂಬೆಗಳ ಮ್ಯೂಸಿಯಮ್ಮೂ ಬಂತು. ಎಲ್ಲಾ ಒಂದೇ ಗುಡ್ಡದ ಆಸುಪಾಸಿನಲ್ಲಿ. ಜೊತೆಗೆ ಮನುಷ್ಯರೇ ಕಟ್ಟಿದ ಜಲಪಾತ ಬೇರೆ!

ನನಗೆ ಮಾತ್ರ ಪ್ರಾಣಿಗಳಿಗಿಂತ ಆ 2006 ಅನ್ನೋ ಇಸವಿಯ ಮೇಲೇ ಕಣ್ಣು. ಅದೇ ವರ್ಷ ಮೇ ತಿಂಗಳಲ್ಲಿ ಮಾಂಟೆನೆಗ್ರೊದವರು ಮತ ಹಾಕಿ ಬೇರೆ ಆದರಲ್ಲ, ಸರ್ಬಿಯಾದ ಕೈಯಿಂದ ಕಡಲೇ ಹೋಯಿತು. ತಲೆಮಾರುಗಳಿಂದ ಬೇಸಿಗೆ ಬಂದರೆ ರೈಲು ಹತ್ತಿ ‘ನಮ್ಮ’ ಕಡಲಿಗೆ ಅಂತ ಹೋಗುತ್ತಿದ್ದ ಜನ, ಇದ್ದಕ್ಕಿದ್ದಂತೆ ಪರದೇಶದ ತೀರಕ್ಕೆ ಹೋಗೋ ಹಾಗಾಯಿತು. ಆಗ ಬಯಲಿನ ನಡುವೆ ಒಬ್ಬ ಮೇಯರು ತನ್ನೂರಿನ ಮಕ್ಕಳಿಗೆ ನೀರಾಟದ ಕೊಳ ಕಟ್ಟಿಸುತ್ತಾನೆ. ಅದನ್ನ ಬರೀ ಆಡಂಬರ ಅಂತ ತಳ್ಳಿಹಾಕೋಕೆ ನನ್ನಿಂದ ಆಗೋಲ್ಲ.

ಕೊಳ ಕಟ್ಟಿಸಿ ಸುಮ್ಮನಾದನೇ? ಇಲ್ಲ. ಬಸ್ಸುಗಟ್ಟಲೆ ಜನರನ್ನ ಗ್ರೀಸಿಗೆ ಕಳಿಸಿದ. ಶಾಲೆ ಮಕ್ಕಳು, ರೈತರು, ಪಿಂಚಣಿದಾರರು, ಎಲ್ಲರೂ ಹೋದರು. ಪುಕ್ಕಟೆಯಾಗಿ! ವಿಯೆನ್ನಾ ತೋರಿಸಿದ, ಈಜಿಪ್ಟಿಗೂ ಕರಕೊಂಡು ಹೋದ. ಜೀವಮಾನವೆಲ್ಲಾ ಹಸು ಕರೆದು, ಹೊಲ ಉತ್ತು, ಗಡಿ ದಾಟದ ಹಳ್ಳಿ ಮುದುಕ ಒಂದು ದಿನ ವಿಯೆನ್ನಾದ ಬೀದೀಲಿ ತಲೆ ಎತ್ತಿ ನೋಡ್ತಾ ನಿಂತಿದ್ದಾನೆ ಅಂದುಕೊಳ್ಳಿ. ಆ ಮನುಷ್ಯ ವೋಟನ್ನ ಯಾರಿಗೆ ಹಾಕ್ತಾನೆ, ಹೇಳಿ? ಕೇಳೋ ಹಾಗೇ ಇಲ್ಲ, ಅಲ್ವಾ?

ನಮ್ಮ ಸೋದರತ್ತೆ ನೆನಪಾಗ್ತಾಳೆ ನನಗೆ. ಬಯಲುಸೀಮೆಯವಳು, ಕೆರೆ ತುಂಬಿದ್ದನ್ನ ನೋಡಿದ್ದೇ ಅಪರೂಪ. ಊರಿನವರು ಯಾರೋ ಪುಣ್ಯಾತ್ಮರು ಬಸ್ಸು ಮಾಡಿಸಿ ಗೋಕರ್ಣಕ್ಕೆ ಕರಕೊಂಡು ಹೋದಾಗ, ಸೀರೆ ಮೇಲೆತ್ತಿ ನೀರಲ್ಲಿ ನಿಂತವಳು ವಾಪಸು ಬಸ್ಸು ಹತ್ತೋಕೇ ಒಪ್ಪಲಿಲ್ಲವಂತೆ. ಬಸ್ಸಿನ ಬಾಡಿಗೆ ಕೊಟ್ಟವರು ಯಾರು ಅಂತ ಸಾಯೋವರೆಗೂ ಅವಳು ಕೇಳಿದ್ದಿಲ್ಲ. ಕೇಳಬೇಕು ಅಂತ ಅವಳಿಗೆ ಹೊಳೆದೂ ಇರಲಿಲ್ಲ, ಪಾಪ. ಯಾಗೊದಿನಾದಲ್ಲೂ ಹಾಗೇ. ದುಡ್ಡು ಎಲ್ಲಿಂದ ಬಂತು ಅಂತ ವಿರೋಧಿಗಳು ಕೇಳುತ್ತಲೇ ಇದ್ದರು, ಬಸ್ಸು ಹತ್ತಿದವರು ಕಡಲು ನೋಡುತ್ತಲೇ ಇದ್ದರು.

ಇನ್ನು ಪಾಲ್ಮಾಗಿದ್ದ ಮದುವೆ ಮಾಡಿಸೋ ಉಮೇದು! ವಯಸ್ಸು ಮೀರಿದ ಒಂಟಿ ಗಂಡಸರು, ಹೆಂಗಸರು ಒಟ್ಟಿಗೆ ತಿರುಗಾಡಿ ಬರಲಿ, ಜೋಡಿ ಕೂಡಿಬಂದರೆ ಬರಲಿ ಅಂತ ಅವರಿಗೂ ಪ್ರವಾಸ. ಊರಿಗೊಬ್ಬ ದೊಡ್ಡಪ್ಪ ಇದ್ದ ಹಾಗೆ ಅನ್ನಿ. ಕೇಳಿದರೆ ನಗು ಬರಬಹುದು, ಆದರೆ ಅಲ್ಲಿ ಅದು ನಗೋ ಸಂಗತಿ ಅಲ್ಲ. ಸರ್ಬಿಯಾದ ಜನಗಣತಿ ನೋಡಿ: 2011ರಲ್ಲಿ ಸುಮಾರು 72 ಲಕ್ಷ ಇದ್ದ ಜನ 2022ರ ಹೊತ್ತಿಗೆ 66 ಲಕ್ಷ ಚಿಲ್ಲರೆಗೆ ಇಳಿದಿದ್ದರು. ಹರೆಯದವರು ಜರ್ಮನಿ, ಆಸ್ಟ್ರಿಯಾ ಅಂತ ಹೊರಟುಬಿಟ್ಟರೆ ಹಳ್ಳಿಯಲ್ಲಿ ತೊಟ್ಟಿಲು ತೂಗೋರು ಯಾರು?

ಆತನ ರಾಜಕೀಯದ ಕತೆಯನ್ನೂ ಹೇಳಿಬಿಡ್ತೀನಿ. ಕೊಂಚಾರೆವೊ ಅನ್ನೋ ಹಳ್ಳಿಯ ದ್ರಾಗಾನ್ ಮಾರ್ಕೊವಿಚ್, ಟೀವಿ ಚಾನೆಲ್ಲಿನ ಒಡೆಯ. ಊರಿಗೆಲ್ಲಾ ‘ಪಾಲ್ಮಾ’. ಇನ್ನೊಂದು ಸ್ವಾರಸ್ಯ ಕೇಳಿ. 1946ರಿಂದ 1992ರವರೆಗೆ ಯಾಗೊದಿನಾದ ಹೆಸರೇ ಸ್ವೆತೊಝಾರೆವೊ, ಹತ್ತೊಂಬತ್ತನೇ ಶತಮಾನದ ಸಮಾಜವಾದಿ ಸ್ವೆತೊಝಾರ್ ಮಾರ್ಕೊವಿಚ್‌ನ ನೆನಪಿಗೆ ಇಟ್ಟದ್ದು. ಒಬ್ಬ ಮಾರ್ಕೊವಿಚ್‌ನ ಹೆಸರು ಅಳಿಸಿ ಹಳೇ ಹೆಸರು ಬಂತು, 2004ರಲ್ಲಿ ಇನ್ನೊಬ್ಬ ಮಾರ್ಕೊವಿಚ್ ಮೇಯರಾಗಿ ಬಂದ!

ಅದಕ್ಕೂ ಮುಂಚಿನ ಪುಟ ಮಾತ್ರ ಚೆನ್ನಾಗಿಲ್ಲ. ಆತ ರಾಜಕೀಯಕ್ಕೆ ಕಾಲಿಟ್ಟದ್ದು ಅರ್ಕಾನ್‌ನ ಪಕ್ಷದಿಂದ. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದಲ್ಲಿ ಖಾಸಗಿ ಪಡೆ ಕಟ್ಟಿ ಹೇಗ್ ನ್ಯಾಯಮಂಡಳಿಯ ಆರೋಪಪಟ್ಟಿ ಸೇರಿದ್ದ, 2000ದ ಜನವರಿಯಲ್ಲಿ ಬೆಲ್‌ಗ್ರೇಡಿನ ಹೋಟೆಲಿನಲ್ಲಿ ಗುಂಡಿಗೆ ಬಿದ್ದ ಅದೇ ಅರ್ಕಾನ್. ಸಲಿಂಗಿಗಳ ಬಗ್ಗೆ ಪಾಲ್ಮಾ ಆಡಿದ ಮಾತುಗಳೂ ಕಟುವಾದವೇ. ಬಸ್ಸಿನಲ್ಲಿ ಎಲ್ಲರಿಗೂ ಸೀಟು ಅಂದವನು ಆ ಜನಕ್ಕೆ ಮನಸ್ಸಿನಲ್ಲಿ ಜಾಗ ಕೊಡಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತೆ.

2004ರಲ್ಲಿ ಅರ್ಕಾನ್‌ನ ಪಕ್ಷ ಬಿಟ್ಟು ‘ಯುನೈಟೆಡ್ ಸರ್ಬಿಯಾ’ ಅಂತ ತನ್ನದೇ ಪಕ್ಷ ಕಟ್ಟಿದ. ಅಲ್ಲಿನ ಸಂಸತ್ತಿನ ಲೆಕ್ಕ ನೋಡಿ, ಮಜಾ ಇದೆ. 250 ಸೀಟು, ಇಡೀ ದೇಶವೇ ಒಂದು ಕ್ಷೇತ್ರ. ಅಲ್ಪಸಂಖ್ಯಾತರ ಪಟ್ಟಿಗಳನ್ನ ಬಿಟ್ಟರೆ, ಆಗ ಶೇಕಡಾ 5ರಷ್ಟು ಮತ ಬಾರದ ಪಟ್ಟಿಗೆ ಸೊನ್ನೆ. ಒಂದೂರಿನ ಬಲ ನೆಚ್ಚಿಕೊಂಡ ಪಕ್ಷ ಆ ಹೊಸ್ತಿಲು ದಾಟೋದು ಹೇಗೆ? ದೊಡ್ಡವರ ಹೆಗಲು ಹಿಡಿದೇ. 2008ರಲ್ಲಿ ಇವಿಟ್ಸಾ ದಾಚಿಚ್‌ನ ಸಮಾಜವಾದಿಗಳ ಜೊತೆ ಸೇರಿ ನಿಂತಾಗ ಆ ಕೂಟಕ್ಕೆ ಬಂದದ್ದು 20 ಸೀಟು, ಅದರಲ್ಲಿ ಪಾಲ್ಮಾ ಪಕ್ಷದ್ದು 3. ಆಗಿನ ಅಧ್ಯಕ್ಷ ಬೋರಿಸ್ ತಾದಿಚ್ ಕಡೆಯವರಿಗೆ 102 ಬಂದಿತ್ತು, ಬೇಕಾದದ್ದು 126. ಅಲ್ಪಸಂಖ್ಯಾತರ ಪಟ್ಟಿಗಳ ಕೆಲವು ಸೀಟಿನ ಜೊತೆಗೆ ಆ 20 ಸೇರದೆ ಸರ್ಕಾರ ಇಲ್ಲ! ಒಂದು ಕಾಲದ ಅಧ್ಯಕ್ಷ ಮಿಲೊಶೆವಿಚ್‌ನ ಹಳೇ ಪಕ್ಷವಾದ ಸಮಾಜವಾದಿಗಳು, ಅವನನ್ನ ಕೆಳಗಿಳಿಸಿದ ತಾದಿಚ್ ಕಡೆಯವರು, ನಡುವೆ ಯಾಗೊದಿನಾದ ಮೇಯರು, ಎಲ್ಲರೂ ಒಂದೇ ಪಂಕ್ತಿಯಲ್ಲಿ. 2012ರಲ್ಲಿ ಕೂಟಕ್ಕೆ 44, ಪಾಲ್ಮಾಗೆ 7. ಸಂಸತ್ತಿನ ಕುರ್ಚಿಯೋ ಮೇಯರ್ ಕುರ್ಚಿಯೋ ಅಂತ ಆರಿಸಬೇಕಾದಾಗ ಸಂಸತ್ತು ಹಿಡಿದು, ಊರಲ್ಲಿ ನಗರಸಭೆಯ ಅಧ್ಯಕ್ಷನಾಗಿ ಕೂತ. ಕುರ್ಚಿ ಬದಲಾಯಿತು, ಊರಿನ ಯಜಮಾನಿಕೆ ಬದಲಾಗಲಿಲ್ಲ.

 

2024ರ ನವೆಂಬರ್ 22ಕ್ಕೆ ಪಾಲ್ಮಾ ತೀರಿಕೊಂಡ, 64 ವರ್ಷ. ಆತನ ಬಗ್ಗೆ ನನ್ನ ತೀರ್ಮಾನ ಇಷ್ಟು: ಬಡವರಿಗೆ ರಸ್ತೆ, ನಲ್ಲಿ, ಚರಂಡಿ ಸಾಕು ಅಂದುಕೊಳ್ಳೋ ರಾಜಕಾರಣಿಗಳ ನಡುವೆ, ಅವರಿಗೂ ಸಂತೋಷ ಬೇಕು ಅಂತ ತಿಳಿದಿದ್ದವನು ಈತ. ಆದರೆ ಆ ಸಂತೋಷ ನಾಗರಿಕರ ಹಕ್ಕಾಗಿ ಸಿಗಲಿಲ್ಲ, ಒಬ್ಬನ ಕೊಡುಗೆಯಾಗಿ ಸಿಕ್ಕಿತು. ಕೊಡುಗೆ ಪಡೆದವನು ಲೆಕ್ಕ ಕೇಳೋಕೆ ಹಿಂಜರೀತಾನೆ, ಅಲ್ವಾ? ಅಲ್ಲೇ ಊರು ಸೋತದ್ದು.

ಬೆಲ್‌ಗ್ರೇಡ್‌ನಿಂದ ನಿಶ್ ಕಡೆಗಿನ ಆ ಹೆದ್ದಾರಿಯಲ್ಲಿ ನೀವು ಯಾವತ್ತಾದರೂ ಹೋದರೆ ಯಾಗೊದಿನಾದಲ್ಲಿ ಇಳೀರಿ. ಮೃಗಾಲಯ ನೋಡಿ, ಬೇಡ ಅನ್ನೋಲ್ಲ. ಆದರೆ ನೈವ್ ಕಲೆಯ ಮ್ಯೂಸಿಯಮ್ಮನ್ನ ಮಾತ್ರ ತಪ್ಪಿಸಬೇಡಿ. ಪಾಲ್ಮಾ ಹುಟ್ಟಿದ 1960ರಲ್ಲೇ ಶುರುವಾದದ್ದು ಅದು. ಓಪಾರಿಚ್ ಹಳ್ಳಿಯ ಯಾಂಕೊ ಬ್ರಾಶಿಚ್‌ನಂಥ ರೈತರು ಯಾರ ಹತ್ತಿರವೂ ಕಲಿಯದೆ ಬರೆದ ಚಿತ್ರಗಳು ಅಲ್ಲಿವೆ. ನಿಧಾನವಾಗಿ ನೋಡಿ ಬನ್ನಿ.