ಸೆಟ್ ಶಬ್ದ ಮೀಮಾಂಸೆ: ದೋಸಾ ಪ್ರಕರಣ ಸಹಿತ

ಇಂಗ್ಲಿಷಿನಲ್ಲಿ ಪದ ಗಿಡ್ಡವಾದಷ್ಟೂ ನಿಘಂಟುಕಾರನ ಪಾಡು ಕಷ್ಟ. ‘ಸೆಟ್’ ಎಂಬ ಮೂರಕ್ಷರದ ಪದವನ್ನೇ ನೋಡಿ. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಇದರದ್ದು. 1989ರ ಎರಡನೇ ಆವೃತ್ತಿಯಲ್ಲಿ ಇದರ ಸುಮಾರು 430 ಅರ್ಥಗಳನ್ನು ಬಿಡಿಸಿ ಹೇಳಲು 60,000 ಪದಗಳು ಖರ್ಚಾದವು. ಒಂದು ಕಾದಂಬರಿಯ ಗಾತ್ರ, ಕಥೆ ಮಾತ್ರ ಇಲ್ಲ. ಈಚೆಗೆ ‘ರನ್’ ಎಂಬ ಪದ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿದೆ. ಹಾಕಲಿ, ಓಡುವ ಪದ ಮುಂದೆ ಹೋಗುವುದೂ ಕೂತ ಪದ ಹಿಂದುಳಿಯುವುದೂ ನ್ಯಾಯವೇ. ಪ್ರಕೃತ ಪ್ರಬಂಧದ ಪ್ರತಿಜ್ಞೆ ಇಷ್ಟು: ಈ 430 ಅರ್ಥಗಳು ವಾಸ್ತವದಲ್ಲಿ ಒಂದೇ ಅರ್ಥ. ಆ ಒಂದನ್ನು ಹೇಳಲು ಕನ್ನಡದ ಒಂದು ಕ್ರಿಯಾಪದ ಸಾಕು. ಆಕ್ಸ್‌ಫರ್ಡಿನ ಮಹನೀಯರು ಆಧಾರಕ್ಕಾಗಿ ಹಳೆಯ ಹೊತ್ತಗೆಗಳನ್ನು ತಡಕಿದರೇ ಹೊರತು ಯಾವ ದರ್ಶಿನಿಯಲ್ಲೂ ಟೋಕನ್ ಹಿಡಿದು ನಿಲ್ಲಲಿಲ್ಲವಾದ್ದರಿಂದ ಇದು ಅವರಿಗೆ ಹೊಳೆಯಲಿಲ್ಲ.

ಮೊದಲು ರೂಪಸಿದ್ಧಿ. ಹ್ರಸ್ವ ಸ್ವರದ ಮೇಲೆ ಒಂಟಿ ವ್ಯಂಜನ ಬಂದು ಇಂಗ್ಲಿಷ್ ಪದ ಮುಗಿದರೆ ಕನ್ನಡದ ನಾಲಿಗೆ ಆ ವ್ಯಂಜನವನ್ನು ಇಮ್ಮಡಿಸಿ ಒಂದು ಉಕಾರ ಅಂಟಿಸುತ್ತದೆ: ಬಸ್ಸು, ಪೆನ್ನು, ನಟ್ಟು, ಹಾಗೆಯೇ ಸೆಟ್ಟು. ಸಂಸ್ಕೃತ ಪದಗಳು ಕನ್ನಡಕ್ಕೆ ಬಂದು ವೇಷ ಬದಲಿಸುವ ಬಗೆಯನ್ನು ಹೇಳಲು ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂಬ ಭಾಗವನ್ನೇ ಇಟ್ಟ. ಇಂಗ್ಲಿಷಿಗೆ ಅಂಥದ್ದನ್ನು ಬರೆಯಲಿಲ್ಲವೆಂದು ಅವನನ್ನು ದೂರುವಂತಿಲ್ಲ, ಅವನ ಕಾಲದಲ್ಲಿ ತಿಂಡಿಗೆ ಇಂಗ್ಲಿಷ್ ಹೆಸರಿರಲಿಲ್ಲ. ಹೀಗೆ ಉಕಾರದೀಕ್ಷೆ ಪಡೆದ ಸೆಟ್ಟು ಹೊಲದಲ್ಲಿ ಪಂಪ್‌ಸೆಟ್ಟು, ಜಾತ್ರೆಯಲ್ಲಿ ಮೈಕ್‌ಸೆಟ್ಟು, ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟು, ಅಜ್ಜನ ಬಾಯಲ್ಲಿ ಹಲ್ಲುಸೆಟ್ಟು. ರಾತ್ರಿ ಅಜ್ಜನಿಂದ ಬೇರ್ಪಟ್ಟು ಲೋಟದ ನೀರಿನಲ್ಲಿ ಕೂತಾಗಲೂ ಅದು ಸೆಟ್ಟಾಗಿಯೇ ಉಳಿಯುತ್ತದೆ, ಇದನ್ನು ವಿದ್ವಾಂಸರು ಗಮನಿಸಬೇಕು. ಕ್ರಿಯಾಪದವಾಗಿಯೂ ಅದಕ್ಕೆ ಬಿಡುವಿಲ್ಲ: ಹೊಸ ಕನ್ನಡಕ ಮೂಗಿಗೆ ಸೆಟ್ ಆಗುತ್ತದೆ, ಅತ್ತೆಗೂ ಸೊಸೆಗೂ ಸೆಟ್ ಆಗುವುದಿಲ್ಲ. ಕೆಲವು ಯಜಮಾನರ ಎರಡನೇ ಮನೆಗೆ ‘ಸೆಟಪ್ಪು’ ಎನ್ನುವ ವಾಡಿಕೆಯೂ ಉಂಟು. ಪ್ರಬಂಧ ಅದನ್ನು ದಾಖಲಿಸುತ್ತದೆ, ವಿಸ್ತರಿಸುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ಪರ್ಯಾಯಗಳಿಲ್ಲವೇ ಎಂದರೆ ರಾಶಿ ಇವೆ: ಜೊತೆ, ಕಟ್ಟು, ಕಂತೆ, ಗುಂಪು, ಹಿಂಡು, ಮೇಳ, ಗಣ. ಒಂದನ್ನು ಕಿತ್ತು ಅದೇ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿದರೆ ಛಾಯೆ ತಾನಾಗಿ ಬೀಳುತ್ತದೆ. ಕಟ್ಟಿಗೆ ದಾರ ಬೇಕು. ವೀಳ್ಯದೆಲೆಗೆ ಸರಿ, ದೋಸೆಗಲ್ಲ. ಕಂತೆಗೆ ಧೂಳಿನ ವಾಸನೆ, ಮೇಲೆ ಅಂತೆಗಳ ಸಹವಾಸ ಬೇರೆ. ಹಿಂಡಿಗೆ ಕಾಲಿರಬೇಕು. ಗುಂಪು ಎಂದೊಡನೆ ಲಾಠಿ ಹಿಡಿದವರು ಚದುರಿಸಲು ಬರುತ್ತಾರೆ. ಮೇಳಕ್ಕೆ ಒಬ್ಬ ಭಾಗವತರಾದರೂ ಬೇಕು. ಬ್ಯಾಂಡ್‌ಸೆಟ್ಟನ್ನು ವಾದ್ಯಮೇಳ ಎಂದು ಕರೆದು ಗೌರವಿಸಬಹುದು, ಹಲ್ಲುಸೆಟ್ಟನ್ನು ದಂತಮೇಳ ಎಂದರೆ ಅಜ್ಜ ಬಾಯಿ ತೆರೆಯುವುದಿಲ್ಲ.

ಹಾಗಾದರೆ ಸೆಟ್ಟಿನ ತಿರುಳೇನು? ಇಂಗ್ಲಿಷಿನ ಈ ಕ್ರಿಯಾಪದದ ಹಳೆಯ ರೂಪ ‘ಸೆಟ್ಟನ್’; ಅದು ‘ಸಿಟ್’ ಧಾತುವಿನ ಪ್ರೇರಣಾರ್ಥಕ. ಅಂದರೆ ಕೂರು ಎಂಬುದಕ್ಕೆ ಕೂರಿಸು ಇದ್ದ ಹಾಗೆ. (ಸೆಟ್ಟನ್ ಎಂಬುದಕ್ಕೆ ಒಂದು ‘ನು’ ಹಚ್ಚಿದರೆ ಕನ್ನಡದ ದ್ವಿತೀಯಾ ವಿಭಕ್ತಿಯೇ ಆಗುತ್ತದೆ. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ.) ಕನ್ನಡದ ಕೂರಿಸುವಿಕೆಗೂ ಭಂಗಿಗೂ ಸಂಬಂಧವಿಲ್ಲ: ದಸರೆಯಲ್ಲಿ ಪಟ್ಟದ ಗೊಂಬೆಗಳು ನೆಟ್ಟಗೆ ನಿಂತೇ ಇರುತ್ತವೆ, ಆದರೂ ನಾವು ಗೊಂಬೆ ಕೂರಿಸುತ್ತೇವೆಯೇ ಹೊರತು ನಿಲ್ಲಿಸುವುದಿಲ್ಲ. ಏಳುವ ಪ್ರಮೇಯ ಬಾರದ ಹಾಗೆ ಒಂದನ್ನು ತಕ್ಕ ಜಾಗದಲ್ಲಿ ಇಡುವುದೇ ಕೂರಿಸುವುದು. ಈ ಒಂದು ಬೀಗದ ಕೈ ಸಿಕ್ಕರೆ ನಿಘಂಟಿನ ಬಾಗಿಲುಗಳು ಸಾಲಾಗಿ ತೆರೆಯುತ್ತವೆ. ಸೂರ್ಯ ಸೆಟ್ ಆಗುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕಿದ್ದ ಒಂದು ಪದದ ಅರ್ಥವೇ ‘ಆಸನಕ್ಕೆ ಹೋಗುವುದು’. ಸಿಮೆಂಟು ಸೆಟ್ ಆಗುತ್ತದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಕೂರಲು ಶುರುಮಾಡಬಾರದು, 600 ನಿಮಿಷದೊಳಗೆ ಪೂರ್ತಿ ಕೂತಿರಬೇಕು ಎಂದು ಭಾರತೀಯ ಮಾನಕವೇ ಕಟ್ಟಪ್ಪಣೆ ಮಾಡಿದೆ. ಮಗ ‘ಲೈಫಲ್ಲಿ ಸೆಟ್ಲ್’ ಆಗುವುದಕ್ಕೆ ಅಂಥ ಗಡುವಿಲ್ಲ, ಆದರೆ ಆ ಪದವೂ ಆಸನ ಎಂಬ ಅರ್ಥದ ಪದದಿಂದಲೇ ಬಂದದ್ದು, ಹೆಚ್ಚಿನ ಪಕ್ಷ ಸರ್ಕಾರಿ ಕುರ್ಚಿ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ದೋಸೆಯ ಸೆಟ್ಟು ಕ್ರಿಯಾಪದವಲ್ಲ, ನಾಮಪದ, ಗುಂಪು ಎಂಬರ್ಥದ ಆ ನಾಮಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು, ಅಂದರೆ ಅನುಯಾಯಿಗಳ ಪಂಥ, ಎರಡು ಬೇರೆ ಬೇರುಗಳನ್ನು ಒಂದೇ ಕಾವಲಿಯ ಮೇಲೆ ಹೊಯ್ಯುವುದು ಶಾಸ್ತ್ರಸಮ್ಮತವಲ್ಲ ಎಂಬುದು ಅವನ ವಾದ. ಆಕ್ಷೇಪ ಗಟ್ಟಿಯಾಗಿದೆ, ಒಪ್ಪಬೇಕು. ಆದರೆ ಈ ನಾಮಪದ ಬೆಳೆಯುತ್ತ ‘ಕೂರಿಸು’ ಕ್ರಿಯಾಪದದ ಪ್ರಭಾವಕ್ಕೆ ಸಿಕ್ಕಿತೆಂದು ಆಕ್ಸ್‌ಫರ್ಡಿನವರೇ ಹೇಳುತ್ತಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಅವರು ವಿವರಿಸಲಾರರು, ಧಾರವಾಡ ವಿವರಿಸಬಲ್ಲದು. ಅಲ್ಲಿ ಮನೆಗೆ ಬಂದವರಿಗೆ ‘ಕೂಡ್ರಿ’ ಎನ್ನುತ್ತಾರೆ, ಚೌತಿಗೆ ಗಣಪತಿಯನ್ನು ಕೂಡಿಸುತ್ತಾರೆ. ಅದೇ ‘ಕೂಡಿಸು’ ಶಾಲೆಯ ಬೋರ್ಡಿನ ಮೇಲೆ ಸಂಕಲನ, ಊರ ಪಂಚಾಯ್ತಿಯಲ್ಲಿ ಜನರನ್ನು ಒಟ್ಟುಮಾಡುವುದು. ಕುಳ್ಳಿರಿಸುವುದೂ ಒಟ್ಟುಗೂಡಿಸುವುದೂ ಒಂದೇ ಉಸಿರಿನಲ್ಲಿ! ಲಂಡನ್ನಿನಲ್ಲಿ ಶತಮಾನಗಳ ಕಾಲ ತಿಕ್ಕಾಡಿದ ಎರಡು ಬೇರುಗಳು ಹುಬ್ಬಳ್ಳಿ-ಧಾರವಾಡದ ನಡುವೆ ಎಲ್ಲೋ ರಾಜಿಯಾಗಿವೆ. ಸೆಟ್ ದೋಸೆ ಈ ರಾಜಿಪತ್ರ: ಮೂರು ದೋಸೆಗಳನ್ನು ಕೂಡಿಸಿ, ಒಂದರ ಅಂಚಿನ ಮೇಲೊಂದು ಕೂಡಿಸಲಾಗಿದೆ.

ದೇಶಾಭಿಮಾನಿ ಪಂಡಿತರ ಆಕ್ಷೇಪ ಬೇರೆ ಬಗೆಯದು. ಸೆಟ್ ಇಂಗ್ಲಿಷೇ ಅಲ್ಲ, ಅಚ್ಚಗನ್ನಡದ ‘ಸೆಟೆ’ ಧಾತುವಿನಿಂದ ಹುಟ್ಟಿದ್ದು. ಸೆಟೆಯುವುದು ಎಂದರೆ ಬಿರುಸಾಗುವುದು, ಸಿಮೆಂಟು ಮಾಡುವುದೂ ಅದನ್ನೇ ಎಂದು ಅವರ ವಾದ. ಸಿಮೆಂಟಿನ ಮಟ್ಟಿಗೆ ಈ ವಾದ ನಿಲ್ಲುವಂತೆ ಕಾಣುತ್ತದೆ, ದೋಸೆಯ ಹತ್ತಿರ ಬಂದೊಡನೆ ಕುಸಿಯುತ್ತದೆ. ಅಕ್ಕಿ ಉದ್ದಿನೊಂದಿಗೆ ಅವಲಕ್ಕಿ, ಮೆಂತ್ಯ ಸೇರಿಸಿ ಹುದುಗಿಸಿದ ಹಿಟ್ಟನ್ನು ತೆಳ್ಳಗೆ ಎಳೆಯದೆ ದಪ್ಪಗೆ ಹೊಯ್ದು, ಮುಚ್ಚಳ ಮುಚ್ಚಿ ಬೇಯಿಸಿದಾಗ ಮೈತುಂಬ ತೂತು ಬಿಟ್ಟುಕೊಂಡು ಮೆತ್ತಗೆ ಏಳುವ ಸೆಟ್ ದೋಸೆಯಷ್ಟು ಸೆಟೆತವಿಲ್ಲದ ಪದಾರ್ಥ ಕಾವಲಿಯ ಮೇಲೆ ಇನ್ನೊಂದಿಲ್ಲ. ಸೆಟೆದು ನಿಲ್ಲುವುದು ತಟ್ಟೆಯ ಆಚೀಚೆ ಮೂತಿ ಚಾಚಿಕೊಂಡು ಬರುವ ಪೇಪರ್ ದೋಸೆ. ಅದನ್ನು ಯಾರೂ ಸೆಟ್ ಎನ್ನುವುದಿಲ್ಲ.

ಕಡೆಯದಾಗಿ ಗಣಿತಜ್ಞರು. 1874ರಲ್ಲಿ ಜರ್ಮನಿಯ ಗೆಯೋರ್ಗ್ ಕ್ಯಾಂಟರ್ ಪ್ರಕಟಿಸಿದ ಲೇಖನದಿಂದ ಬೆಳೆದ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಸೆಟ್ ಥಿಯರಿ ಎಂದೂ ನಮ್ಮ ಪಠ್ಯಪುಸ್ತಕಗಳಲ್ಲಿ ಗಣ ಸಿದ್ಧಾಂತ ಎಂದೂ ಹೆಸರು. ಅದರ ನಿಯಮದಂತೆ ಗಣದ ಸದಸ್ಯರು ಒಬ್ಬರಿಂದೊಬ್ಬರು ಭಿನ್ನವಾಗಿರಬೇಕು, ಒಂದನ್ನೇ ಮೂರು ಸಲ ಬರೆದರೂ ಎಣಿಕೆಗೆ ಒಂದೇ. ಈ ಸೂತ್ರ ಹೋಟೆಲ್ ಮಾಲೀಕರ ಕಿವಿಗೆ ಬಿದ್ದರೆ ಒಂದೇ ದೋಸೆ ಕೊಟ್ಟು ಮೂರರ ಬಿಲ್ಲು ಮಾಡುವ ಅಪಾಯವಿದೆ. ಸಮಾಧಾನವೆಂದರೆ ಸೆಟ್ ದೋಸೆಯ ತೂತುಗಳ ವಿನ್ಯಾಸ ಯಾವ ಎರಡರಲ್ಲೂ ಒಂದೇ ಆಗಿರುವುದಿಲ್ಲ, ಆದ್ದರಿಂದ ಮೂರೂ ಭಿನ್ನ ಸದಸ್ಯರೇ. ಮೂರು ಸದಸ್ಯರ ಗಣಕ್ಕೆ 8 ಉಪಗಣಗಳು, ಅವುಗಳಲ್ಲೊಂದು ಶೂನ್ಯ ಗಣ. ಗಣಿತಜ್ಞರು ಬಹಳ ತಲೆ ಕೆಡಿಸಿಕೊಂಡು ಕಂಡುಕೊಂಡ ಈ ಶೂನ್ಯ ಗಣವನ್ನು ಅದೇ ಹಿಟ್ಟಿನಿಂದ ಹೊಯ್ದು, ‘ಖಾಲಿ ದೋಸೆ’ ಎಂದು ಹೆಸರಿಟ್ಟು, ಬೆಲೆಪಟ್ಟಿಯಲ್ಲಿ ಸೆಟ್ಟಿನ ಪಕ್ಕದಲ್ಲೇ ಬರೆದವರು ನಮ್ಮ ಅಡಿಗೆ ಭಟ್ಟರು.

ಆಲಂಕಾರಿಕರು ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಮೂರು ಶಕ್ತಿ ಹೇಳಿದ್ದಾರೆ. ಸೆಟ್ ದೋಸೆಯ ಅಭಿಧೆ ಮೂರು ದೋಸೆ, ಲಕ್ಷಣೆ ಹೊಟ್ಟೆ ತುಂಬುವುದು. ವ್ಯಂಜನ ಯಾವುದೆಂದು ಸಾಗು, ಚಟ್ನಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಉಳಿದದ್ದು ಸಂಖ್ಯೆಯ ಪ್ರಶ್ನೆ. ಈಚೆಗೆ ಕೆಲವು ಕಡೆ ತಟ್ಟೆಯಲ್ಲಿ ಎರಡನ್ನಿಟ್ಟು ಸೆಟ್ ಎಂದು ಕೂಗುವುದುಂಟು. ಹೋಟೆಲಿನವರಲ್ಲಿ ಶಬ್ದಶಾಸ್ತ್ರದ ಪರವಾಗಿ ಒಂದು ವಿನಂತಿ: ಎರಡಕ್ಕೆ ಎತ್ತಿನಿಂದ ಚಪ್ಪಲಿಯವರೆಗೆ ಕನ್ನಡದಲ್ಲಿ ‘ಜೊತೆ’ ಎಂಬ ಪದ ಚಾಲ್ತಿಯಲ್ಲಿದೆ. ಅದನ್ನೇ ಬೋರ್ಡಿನಲ್ಲಿ ಬರೆಯಿರಿ, ಇಲ್ಲವೇ ಮೂರನೆಯದನ್ನು ಹಾಕಿ.